ಹೊಂಡದಿಂದ ಎಷ್ಟು ದೂರ

ಮೊದಲ ಪ್ರಶ್ನೆಗೇ ತಾಕ್ಕೊ ನಕ್ಕಳು.
ಹೊಂಡದಿಂದ ನಿನ್ನ ದೊಡ್ಡಿ ಎಷ್ಟು ದೂರ?
"ಯಾವ ತಿಂಗಳಲ್ಲಿ, ಯೆರೊ?

ಬೇಸಿಗೆಯಲ್ಲಿ ಕೇಳಿದರೆ ಹೊಂಡವೇ ಇಲ್ಲ,
ಬಿರುಕು ಬಿಟ್ಟ ಮಣ್ಣು, ಕತ್ತೆಯ ಗೊರಸಿನ ಗುರುತು.
ಮಳೆ ಬಿದ್ದ ಮಾರನೆಯ ವಾರ ಕೇಳು,
ಬೇಲಿಯ ಮುಳ್ಳಿಗೇ ಮೂತಿ ಹಚ್ಚಿ ನಿಂತಿರುತ್ತದೆ ನೀರು,
ಕಟ್ಟು ಬಿಚ್ಚಿಕೊಂಡ ಕರುವಿನ ಹಾಗೆ."

ಐನೂರು ಮೀಟರಿನೊಳಗೆ, ಎಂದು ಬರೆದುಕೊಂಡೆ.
ಪೆನ್ನಿಗೆ ಅಷ್ಟೇ ತಿಳಿಯುವುದು.

ಡಾಕಾರಿನಲ್ಲಿ, ಫ್ಯಾನಿನ ಕೆಳಗೆ, ಹೇಳಿಕೊಟ್ಟಿದ್ದರು:
ಒಣಗಿದ ಕೆಸರಿನಲ್ಲಿ ಸೊಳ್ಳೆಯ ಮೊಟ್ಟೆ,
ಎಳ್ಳಿಗಿಂತ ಸಣ್ಣದು, ಕರಿದು,
ವರ್ಷಗಟ್ಟಲೆ ಸಾಯದೆ ಇರುತ್ತದೆ.
ಕೆಲವಕ್ಕೆ ತಾಯಿಯ ಕಡೆಯಿಂದಲೇ ಬಂದಿರುತ್ತದೆ ಜ್ವರ,
ಬಳುವಳಿಯಂತೆ, ಗಂಟು ಬಿಚ್ಚದೆ.
ನೀರು ಮುಟ್ಟಿದ ದಿನ ಏಳುತ್ತವೆ.
ನಾನು ಅಂದು ಇಡೀ ಫೆರ್ಲೊ ಬಯಲನ್ನು ನೆನೆದೆ:
ನಾವೂ, ಹುಲ್ಲಿನ ಬೀಜವೂ, ಅವೂ
ಒಂದೇ ಮೋಡಕ್ಕೆ ಕತ್ತೆತ್ತಿ ಕೂತಿರುವುದನ್ನು.

ಈ ಸಲ ಮೋಡ ಬಂತು. ಎರಡು ವಾರ ಬಿಟ್ಟು
ಮತ್ತೂ ಬಂತು.
ಹುಲ್ಲು ಮೊಣಕಾಲಿಗೆ. ಕಪ್ಪೆಗಳು ರಾತ್ರಿಯಿಡೀ.
ಹನ್ನೆರಡು ಗಬ್ಬದ ಮೇಕೆಗಳಲ್ಲಿ ಹನ್ನೊಂದು
ಒಂದೇ ವಾರದಲ್ಲಿ ಕಂದು ಹಾಕಿದವು.

ಸಂತೆಯಿಂದ ಹೊಸದಾಗಿ ತಂದದ್ದಿದೆಯೆ?
"ಒಂದು ಹೋತ, ದಾಹ್ರಾ ಸಂತೆಯದು.
ಮೊಮ್ಮಗಳ ಹೆಸರಿಡುವ ದಿನಕ್ಕೆ ಕೊಯ್ಯಲೆಂದು ತಂದದ್ದು.
ನೋಡಲು ಚೆಂದವಿತ್ತು. ಉಳಿಸಿಕೊಂಡೆವು.
ಕೊಯ್ದಿದ್ದರೆ?"
ಉತ್ತರ ನನ್ನ ಬಳಿಯೂ ಇರಲಿಲ್ಲ.

ಮಂದೆಯ ವಯಸ್ಸು?
ಆಕೆ ಬಾಯಿಂದ ಹೇಳಲಿಲ್ಲ, ಒಂದೊಂದರ ಬಾಯಿ ತೆರೆದು ತೋರಿಸಿದಳು.
ಎರಡು ಹಲ್ಲಿನವು, ನಾಲ್ಕು ಹಲ್ಲಿನವು.
ಕೊನೆಗೆ ಕಪ್ಪುಕಿವಿ, ಹಲ್ಲು ಸವೆದು ಒಸಡಿಗೆ ಇಳಿದದ್ದು.
ಅದೊಂದೇ ಈದದ್ದು ಈ ಸಲ. ಮರಿ ಎದ್ದು ನಿಂತಿತ್ತು,
ಕಾಲು ಇನ್ನೂ ಯಾರದೋ ಎಂಬಂತೆ.
"ಏಳು ಮಳೆಯ ಹಿಂದೆ ಇದೂ ಕಂದು ಹಾಕಿತ್ತು.
ಮಾರಿಬಿಡು ಅಂದ ನನ್ನ ಗಂಡ, ದರಿದ್ರ ಅಂದ.
ಆಮೇಲೆ ಏನೂ ಆಗಲಿಲ್ಲ ಇದಕ್ಕೆ, ಯಾಕೆ?"
ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ, ಅಂದೆ.
"ಗಂಡಂದಿರ ಹಾಗಲ್ಲ, ಬಿಡು."

ಸತ್ತು ಬಿದ್ದ ಮರಿ, ಮಾಸು, ಯಾರಾದರೂ ಬರಿಗೈಯಲ್ಲಿ ಮುಟ್ಟಿದಿರಾ?
ತಾಕ್ಕೊ ಮೊದಲ ಬಾರಿಗೆ ಸುಮ್ಮನಾದಳು.
ಕೈ ಸೆರಗಿನೊಳಗೆ ಹೋಯಿತು.
"ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿದ್ದನ್ನು
ಯಾವುದರಿಂದ ಎಳೆಯಲಿ, ಕೋಲಿನಿಂದಲೆ?"
ಒಳಗೆ ಚಾಪೆಯ ಮೇಲೆ ಆಕೆಯ ಸೊಸೆ ದೆವೆಲ್,
ಮೂರು ದಿನದಿಂದ ತಲೆ ಎತ್ತಿಲ್ಲ, ಬೆಳಕು ಬೇಡ ಅನ್ನುತ್ತಾಳೆ.
ನಾನು ಫಾರಮ್ಮು ಮಡಚಿ ಫೋನ್ ತೆಗೆದೆ.
ಸಿಗ್ನಲ್ ಇದ್ದದ್ದು ಹುತ್ತದ ನೆತ್ತಿಯ ಮೇಲೆ ಮಾತ್ರ.
ಅಲ್ಲಿ ನಿಂತು ಲಿಂಗೇರಿನ ಆಸ್ಪತ್ರೆಗೆ ಕೂಗಿದೆ,
ಬಯಲಿಗೆಲ್ಲ ಕೇಳುವಂತೆ.

ವ್ಯಾನು ಸಂಜೆಗೆ ಬರುತ್ತದೆಂದರು.
ಅಷ್ಟರಲ್ಲಿ ರಕ್ತ: ಹನ್ನೆರಡು ಕೊಳವೆ, ಮೂರೇ ಜೊತೆ ಕೈಚೀಲ.
ಕೊರಳ ತುಪ್ಪಳ ಸರಿಸಿ, ನರ ಹುಡುಕಿ,
ಮಂಜುಗಡ್ಡೆಯ ಡಬ್ಬಿಗೆ ಒಂದೊಂದಾಗಿ.

ಕಾಯಿಸದ ಹಾಲು ಕುಡಿಯುತ್ತೀರಾ?
ಇದೊಂದು ಉಳಿದಿತ್ತು. ಕೇಳುವ ಮೊದಲೇ
ಬುರುಡೆಯ ತುಂಬ ಹಾಲು ನನ್ನ ಮುಂದೆ,
ಇನ್ನೂ ಬೆಚ್ಚಗೆ, ಅಂಚಿನಲ್ಲಿ ನೊರೆ.
ಬೇಡ ಅನ್ನುವ ಮಾತು ಈ ಮನೆಗಳಲ್ಲಿ ಬೈಗುಳ.
ಯಾವುದರದು, ಎಂದೆ.
"ಕಪ್ಪುಕಿವಿಯದು. ಇನ್ಯಾವುದು ಹಿಂಡುತ್ತಿದೆ ಈಗ?"
ಲೆಕ್ಕ ಹಾಕಿದೆ, ಏಳು ಮಳೆ, ಸವೆದ ಹಲ್ಲು.
ಆದರೂ ನೊರೆಯ ಮೇಲೆ ಒಂದು ಗಳಿಗೆ ಉಸಿರು ಹಿಡಿದೆ.
ಕುಡಿದೆ.

ಹೊತ್ತು ಇಳಿಯಿತು. ಹೊಂಡದ ಕಡೆಯಿಂದ
ಸಣ್ಣಗೆ, ತಂತಿ ಎಳೆದಂತೆ, ಸದ್ದು ಶುರುವಾಯಿತು.
"ನಿನ್ನ ಪಟ್ಟಿಯಲ್ಲಿ ಮಳೆಯೂ ಇದೆಯೆ?" ಎಂದಳು ತಾಕ್ಕೊ,
ದಾರಿಯ ಧೂಳನ್ನೇ ನೋಡುತ್ತ.
ಇದೆ. ಎಲ್ಲಕ್ಕಿಂತ ಮೇಲೆ.

ಆಕೆ ಮಣಿಕಟ್ಟಿನ ಮೇಲೊಂದನ್ನು ಹೊಡೆದಳು,
ಅಂಗೈ ಬಿಡಿಸಿ ನನಗೆ ತೋರಿಸಿದಳು:
ಇದು ಯಾರ ರಕ್ತ, ಬರೆದುಕೊ.